ತಡವಾಗಿ ಅರಳಿದ್ದು

ಎಡ ಹುಬ್ಬಿನ ಮೇಲೆ ಒಳಹೊಕ್ಕು
ಬಲ ಹಿಮ್ಮಡಿಯಲ್ಲಿ ಹೊರಟುಹೋಯಿತು.
ಬಾಗಿಲು ತಟ್ಟಲಿಲ್ಲ, ಚಪ್ಪಲಿ ಬಿಡಲಿಲ್ಲ.
ಲೈನ್ ಕ್ಲಿಯರ್ ಇತ್ತು, ಪುಸ್ತಕದಲ್ಲಿ ಸಹಿ ಇತ್ತು;
ಹದಡಿ ರಸ್ತೆಯ ಯಾವುದೋ ಛತ್ರದ ಜನರೇಟರು
ತಂತಿಯ ಹಿಂದಿನಿಂದ ಬಂತು,
ಮದುವೆಮನೆಯ ನೆಂಟನ ಹಾಗೆ.

ಕೆಳಗೆ ನಿಂತಿದ್ದ ಮೈಲಾರಪ್ಪ ಈಗಲೂ ಹೇಳುತ್ತಾನೆ:
ನೀನು ಕೂಗಲಿಲ್ಲ ಓಬಳೇಶ, ನೀಲಿ ಆದೆ.

ತೊಡೆಯ ತೊಗಲು ತಂದು ಅಂಗೈಗೆ ಹಚ್ಚಿದರು.
ಹಿಮ್ಮಡಿಯ ತೂತು ಮುಚ್ಚಲು ನಲವತ್ತು ದಿನ.
ಬಂದವರೆಲ್ಲ ಗಾಯ ಎಣಿಸಿದರು,
ಕಣ್ಣು ಯಾರೂ ಎಣಿಸಲಿಲ್ಲ.
ಅವು ತೆರೆದೇ ಇದ್ದವಲ್ಲ.

ಶ್ರಾವಣ ಕಳೆದ ಮೇಲೆ
ಮೀಟರಿನ ಮೂರು ಎಂಟಾಯಿತು,
ಎಂಟು ಸೊನ್ನೆಯಾಯಿತು.
ನಾನೇ ಕಂಬ ಹತ್ತಿ ಕೂರಿಸಿದ ಬೀದಿದೀಪಗಳು
ಒಂದೊಂದೂ ಕೊಡೆ ಬಿಚ್ಚಿ ನಿಂತವು.
ಬಲ್ಬು ಒರೆಸಿದೆ, ಕಿಟಕಿ ಒರೆಸಿದೆ,
ಕೊನೆಗೆ ಕಣ್ಣು.

ಹನಿ ಬಿಟ್ಟು, ಪಾಪೆ ಅಗಲಿಸಿ
ಡಾಕ್ಟರಮ್ಮ ಬಹಳ ಹೊತ್ತು ಒಳಗೆ ನೋಡಿದರು.
ಎರಡರಲ್ಲೂ ಪೊರೆ, ಹೂವಿನ ಥರ;
ಎಡಕ್ಕೆ ಜಾಸ್ತಿ. ಅಲ್ಲೇ ಅಲ್ಲವೆ ಹೊಕ್ಕಿದ್ದು?

ಮಂಡಕ್ಕಿ ಭಟ್ಟಿಯಿಂದ ನೇರ ಬಂದಿದ್ದಳು ದುರುಗಮ್ಮ,
ಸೆರಗಿನ ತುಂಬ ಹೊಟ್ಟು.
ಕಾದ ಮರಳಿಗೆ ಅಕ್ಕಿ ಬಿದ್ದರೆ
ಉಸಿರು ಎಳಿಯೋದ್ರಾಗೆ ಅರಳತೈತಿ.
ಇವರ ಕಣ್ಣಿಗೆ ಆರು ತಿಂಗಳು ಬೇಕಾತಾ?

ಆಫೀಸಿನ ಗುಮಾಸ್ತನಿಗೂ ಅದೇ ಅನುಮಾನ:
ಅಪಘಾತ ಮಾರ್ಚಿ, ಪೊರೆ ಸೆಪ್ಟೆಂಬರು,
ಕರೆಂಟು ಅಷ್ಟು ನಿಧಾನ ಏನ್ರಿ?
ಪೊರೆ ವಯಸ್ಸಾದೋರಿಗೆ ಬರೋದು. ನಿಮಗೆಷ್ಟು?
ಮೂವತ್ತೊಂದು ಅಂದೆ.
ಬರೆದುಕೊಂಡ.
ನನಗದು ಎಂಬತ್ತೊಂದಾಗಿ ಕಂಡಿತು.

ಎಡಗಣ್ಣಿನ ಪಟ್ಟಿ ಬಿಚ್ಚಿದ ದಿನ
ಮೊದಲು ಬಂದದ್ದು ನೀಲಿ:
ಹಿತ್ತಲಲ್ಲಿ ಒಣಹಾಕಿದ ದುರುಗಮ್ಮನ ಸೀರೆ.
ಒಗೆದು ಒಗೆದು ಮಾಸಿದೆ ಅಂದುಕೊಂಡಿದ್ದೆ.
ಎಷ್ಟು ನೀಲಿ ಅಂದರೆ
ಸುಟ್ಟ ಅಂಗೈ ತಾನೇ ಹಿಂದೆ ಸರಿಯಿತು.

ಬಲಗಣ್ಣಿನ ಸರದಿ ಇನ್ನೂ ಬಂದಿಲ್ಲ.
ಅದನ್ನು ಮುಚ್ಚಿ ನೋಡಿದೆ, ಇದನ್ನು ಮುಚ್ಚಿ ನೋಡಿದೆ.
ನೀಲಿ. ಬೂದಿ. ನೀಲಿ.

ಏನು ನೋಡ್ತೀರಿ ಹಂಗೆ, ಅಂದಳು ಒಳಗಿನಿಂದ,
ತಂತಿ ಆವತ್ತೇ ಕಿತ್ತೆ.
ಹಗ್ಗ ಅದು, ಮುಟ್ಟಿ.