ಆಂಟೆನಾ ಹಿಡಿದವನು

ಆ ಕಂತು ನಾನು ನೋಡಿಲ್ಲ.
ಕೇಳಿಸಿಕೊಂಡಿದ್ದೇನೆ, ತಾರಸಿಯ ಮೇಲೆ ನಿಂತು,
ಅಲ್ಯೂಮಿನಿಯಂ ಕೊಂಬು ಹಿಡಿದು.
ಸಾಲಗಾಮೆ ರಸ್ತೆಯ ಹಾಸ್ಟೆಲ್ಲಿನಲ್ಲಿ
ಆ ವರ್ಷ ಎಲ್ಲರಿಗಿಂತ ಉದ್ದ ನಾನೇ.

ಕೆಳಗೆ ಅರವತ್ತು ಹುಡುಗರು, ಒಂದು ಟೀವಿ.
ಗವಾಕ್ಷಿಯಿಂದ ಕೂಗು ಏರಿ ಬರುತ್ತಿತ್ತು:
ಬಂತು, ಬಂತು! ಥೂ, ಹೋಯ್ತು!
ಒಸಿ ಎಡಕ್ಕೆ ತಿರುಗ್ಸ್ಲಾ!
ನನಗೆ ಬಂದದ್ದೂ ಕಾಣದು, ಹೋದದ್ದೂ ಕಾಣದು.
ಕಾಣುತ್ತಿದ್ದದ್ದು, ಮರಗಳಾಚೆ,
ಉಪಗ್ರಹ ಕೇಂದ್ರದ ಬಿಳಿಯ ಬಾಣಲೆಗಳು:
ಯಾರೂ ಹಿಡಿದುಕೊಳ್ಳದೆ
ತಮ್ಮಷ್ಟಕ್ಕೆ ತಾವು ಆಕಾಶ ನೋಡುತ್ತ.
ಅವನ್ನು ಬಯ್ಯುವವರಿಲ್ಲ ಎಂದು ನನಗೆ ಹೊಟ್ಟೆಕಿಚ್ಚು.

ಡಿಸೆಂಬರ್. ಬಡವರ ಊಟಿಯ ಚಳಿ
ಕೊಳವೆಯೊಳಗಿಂದಲೇ ಇಳಿದು ಅಂಗೈಗೆ ಬರುತ್ತಿತ್ತು.

ಕಥೆ ಹೀಗಂತೆ:
ಯಾವುದೋ ಗ್ರಹ ಆರಿಹೋಗುತ್ತಿದೆ.
ಮಕ್ಕಳನ್ನಷ್ಟೇ ನೌಕೆ ಹತ್ತಿಸುತ್ತಾರೆ,
ಕೈಗೊಂದು ಪೆಟ್ಟಿಗೆ ಕೊಟ್ಟು.
ಟ್ರಂಕು ಕಣ್ಲಾ, ನಮ್ದರಂಗೇ, ಅಂದ ಕೆಂಚೇಶ ಆಮೇಲೆ,
ಬೀಗ ಮಾತ್ರ ಮಿಣಮಿಣ ಅಂತದೆ.
ಕೆಟ್ಟ ಕನಸು ಒಳಗೆ ತರುವಂತಿಲ್ಲ.
ಬಾಗಿಲಲ್ಲೇ ತಡವಿ ನೋಡುತ್ತಾರೆ.
ಒಬ್ಬ ಹುಡುಗನದು ಹೇಗೋ ನುಸುಳಿ ಬಂದಿದೆ.
ಎಲ್ಲರೂ ಮಲಗಿದ ಮೇಲೆ
ನೌಕೆಯ ಓಣಿಯಲ್ಲಿ ಅದು ನಡೆದಾಡುವ ಸದ್ದು.

ಸದ್ದು ನನಗೂ ಕೇಳಿಸಿತು.
ಚರ್ರೋ... ಚರ್ರೋ...
ಅದು ಕಥೆಯೊಳಗಿನದೋ,
ನನ್ನ ಕೈ ನಡುಗಿ ಆದದ್ದೋ, ಇವತ್ತಿಗೂ ತಿಳಿಯದು.

ಆಮೇಲೆ ಕೆಳಗೆ ಸದ್ದಿಲ್ಲ.
ಎಡಕ್ಕೆ ಅನ್ನುವವರಿಲ್ಲ, ಬಲಕ್ಕೆ ಅನ್ನುವವರಿಲ್ಲ.
ಚಿತ್ರ ಚೆನ್ನಾಗಿ ಮೂಡಿದೆ ಎಂದೇ ಅರ್ಥ.
ಸೀನು ಬಂತು, ನುಂಗಿಕೊಂಡೆ.
ಕತ್ತಿನ ಮೇಲೆ ಕೂತ ಸೊಳ್ಳೆಗೆ
ಹೊಟ್ಟೆತುಂಬ ಕುಡಿಯಲು ಬಿಟ್ಟೆ.

ಆಗ ಊರಿನ ದೀಪ ಹೋಯಿತು.
ಮೊದಲು ಬಸ್‌ಸ್ಟ್ಯಾಂಡಿನ ಕಡೆ, ಆಮೇಲೆ ಬೀದಿಬೀದಿಯಾಗಿ
ನನ್ನತ್ತಲೇ ಕತ್ತಲು ನಡೆದು ಬಂತು.
ಬಾಣಲೆಗಳ ಹತ್ತಿರದ್ದೊಂದು ಕೆಂಪು ದೀಪ ಮಾತ್ರ
ಆರಲಿಲ್ಲ.

ರಾತ್ರಿ ಮುದ್ದೆಯ ಸಾಲಿನಲ್ಲಿ ಕೇಳಿದೆ: ಕೊನೆಗೆ ಏನಾಯ್ತು?
ಸುಟ್ಟಾಕುದ್ರು ಅಂದ ಒಬ್ಬ.
ಇಲ್ಲ, ಬಾಗಿಲು ತೆಗೆದು ನಕ್ಷತ್ರದ ಕಡೆ ನೂಕಿದ್ರು.
ಚಿಕ್ಕತಾಯಮ್ಮ ಸಾರು ಬಿಡುತ್ತ ನಕ್ಕಳು:
ಕರೆಂಟೇ ಹೋಗಿತ್ತಲ್ಲೋ, ಯಾವ ಕಣ್ಣಲ್ಲಿ ನೋಡುದ್ರಿ?
ಲೋಹಿತ ತಟ್ಟೆ ನೋಡುತ್ತಿದ್ದ.
ಮಗ್ಗೆಯಿಂದ ಬಂದು ಆರು ದಿನ.
ಹಾಸಿಗೆ ನನ್ನ ಪಕ್ಕ.

ಯಾವ ಹೊತ್ತೋ, ಅವನು ಕಿರುಚಿದ.
ಅರವತ್ತು ಚಾಪೆಗಳೂ ಒಮ್ಮೆ ಮಗ್ಗುಲಾದವು.
ಯಾರೂ ನಗಲಿಲ್ಲ.
ಮೊದಲ ವಾರದ ಆ ಕೂಗು
ಎಲ್ಲರ ಗಂಟಲಲ್ಲೂ ಒಂದು ಸಲ ಇದ್ದದ್ದೇ.

ಅದು ಹೆದರ್ಸೋಕೆ ಬಂದಿರ್ಲಿಲ್ಲ ಕಣಣ್ಣ, ಅಂದ,
ಹೊದಿಕೆಯ ಒಳಗಿನಿಂದ.
ಯಾವುದು?
ಟೀವೀದು. ಮನೇಲಿ ಅದೊಂದೇ ಆಗೋಗಿತ್ತು.
ಬೀಗ ಹಾಕ್ಬುಟ್ಟಿದ್ರು.
ಎಲ್ಲೋಗ್ತದೆ ಹೇಳು?

ಸ್ವಲ್ಪ ಹೊತ್ತು ಬಿಟ್ಟು,
ನಾನು ಕೇಳದಿದ್ದರೂ:
ನಮ್ಮವ್ವ ಎಸ್ಟೇಟ್ ಲೈನ್‌ಗೋದ್ಲು. ನಮ್ಮನೆಗೂ ಬೀಗ.

ನನಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ.
ಅವನ ಭುಜ ಹಿಡಿದು ಒಸಿ ಎಡಕ್ಕೆ ತಿರುಗಿಸಿದೆ.
ಈಗ?
ಅದೆ ಇನ್ನೂ.
ಇನ್ನೊಂದು ಚೂರು, ಗೋಡೆಯ ಕಡೆಗೆ. ಈಗ?
ಊಂ.
ಬಂತಾ ಹೋಯ್ತಾ ಹೇಳಲಿಲ್ಲ, ನಿದ್ದೆಹೋದ.
ನಾನು ಕೈ ತೆಗೆಯಲಿಲ್ಲ.
ಕದಲಿದರೆ ಎಲ್ಲ ಕೆಡುತ್ತದೆ ಎಂದು
ಭಾನುವಾರಗಳು ನನಗೆ ಕಲಿಸಿದ್ದವು.

ಮುಂದಿನ ವಾರ ಆ ಹೊತ್ತಿಗೆ ಕ್ರಿಕೆಟ್ಟು.
ಉಳಿದರ್ಧ ಮತ್ತೆಂದೂ ಬರಲಿಲ್ಲ.
ಲೋಹಿತ ತನ್ನ ಚಾಪೆಯಲ್ಲಿ, ಟ್ರಂಕಿನ ಪಕ್ಕ,
ಒಂದು ಗೇಣು ಜಾಗ ಬಿಟ್ಟು ಮಲಗುತ್ತಿದ್ದ.
ಯಾಕೆಂದು ಕೇಳಿದ ವಾರ್ಡನ್ನಿಗೆ
ಸೆಕೆ ಸಾರ್ ಅಂದ.
ಆ ಡಿಸೆಂಬರಿನಲ್ಲಿ.