ಸೋರುವ ಜಾಗ

ಕೆಂಪು ಬಟ್ಟೆಯ ಸುಳ್ಳುಬಾಗಿಲು, ಅದರ ನಡುವೆ ಒಂದು ಫ್ಯಾನು:
ಇಷ್ಟೇ ನನ್ನ ಸರಂಜಾಮು. ಕೊಯಾಯ್ಕೆ ಊರಿನ ಮೇಲಿನ ಬೀದಿಗೆ
ಮೇ ತಿಂಗಳ ಒಂದು ಬೆಳಿಗ್ಗೆ ಹೊತ್ತು ತಂದೆ.
ಊರು ಕಾಣುತ್ತಿರಲಿಲ್ಲ. ಸೌದೆ ಒಲೆಗಳ ಹೊಗೆ
ಬಟ್ಟಲಲ್ಲಿ ಹಳಸಿದ ಹಾಲಿನ ಹಾಗೆ ಕಣಿವೆಯಲ್ಲಿ ನಿಂತಿತ್ತು;
ಚರ್ಚಿನ ಶಿಲುಬೆ ಮಾತ್ರ ಕೆನೆ ಒಡೆದು ಮೇಲೆ ಬಂದಿತ್ತು.

ನೋಲ್ಫಾ ಬರ್ರೀಯಾ, ಶಾಲೆಯ ಅಡುಗೆಯವಳು, ಹೊಸ್ತಿಲಲ್ಲೇ ಕಾದಿದ್ದಳು,
ಪರೀಕ್ಷೆಗೆ ಮಗುವನ್ನು ಕೂರಿಸಿದ ತಾಯಿಯ ಮುಖ.
"ಗಟ್ಟಿಯಾಗಿದೆ ಮನೆ," ಅಂದಳು, ನಾನು ಕೇಳುವ ಮೊದಲೇ.

ನಲವತ್ತೆರಡು ಚದರ ಮೀಟರು. ಒಂದೇ ಇಳಿಜಾರಿನ ತಗಡು.
ನಾಲ್ಕೇ ಮೂಲೆ. ಐದನೆಯದು ಬೇಕೆಂದಾಗ
ಬಡಗಿ ಎಲಾದಿಯೋ ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಹೇಳಿದ್ದನಂತೆ:
ಮೂಲೆಗೊಂದು ಕೂಲಿ, ಮೂಲೆಗೊಂದು ಚಳಿ. ಎರಡನ್ನೂ ಕೊಡ್ತೀಯಾ?
ಕಿಟಕಿಗಳು ಯಾವುದೋ ಹೋಟೆಲಿಗೆ ತಪ್ಪು ಅಳತೆಯಲ್ಲಿ ಬಂದವು,
ಮೂರು ಪದರದ ಗಾಜು, ಕಾಲು ಬೆಲೆಗೆ ಗೋದಾಮಿನಲ್ಲಿ ಬಿದ್ದಿದ್ದವು;
ಮೊದಲು ಕಿಟಕಿ ಕೊಂಡು, ಆಮೇಲೆ ಅವಕ್ಕೆ ಗೋಡೆ ಬರೆದರು.
ದೊಡ್ಡವೆರಡು ಉತ್ತರಕ್ಕೆ. ಈ ಸೀಮೆಯಲ್ಲಿ ಸೂರ್ಯ
ಉತ್ತರದ ಬೆಟ್ಟದ ಅಂಚು ಹಿಡಿದೇ ನಡೆಯುತ್ತಾನೆ,
ಜೂನಿನಲ್ಲಿ ಸೊಂಟ ಹಿಡಿದ ಮುದುಕ, ಬೇಗ ಕೂತುಬಿಡುತ್ತಾನೆ.
ದಕ್ಷಿಣಕ್ಕೆ ಒಂದೇ, ಅಂಗೈಯಗಲ, ಬಂದವರು ಯಾರೆಂದು ನೋಡಲು.
ಗೋಡೆಯೊಳಗೆ ಅವಳ ಅಣ್ಣನ ಕುರಿಗಳ ಉಣ್ಣೆ,
ಯಾರೂ ಕೊಳ್ಳದ ಹೊಟ್ಟೆಭಾಗದ್ದು, ಮುಳ್ಳು ಹಿಕ್ಕೆ ಅಂಟಿದ್ದು,
ತೊಳೆದು, ನುಸಿ ಹತ್ತದಂತೆ ಬಿಳಿಗಾರದ ನೀರಲ್ಲಿ ಅದ್ದಿ,
ಮೂರು ಭಾನುವಾರ ಬೇಲಿಯುದ್ದಕ್ಕೂ ಒಣಗಿಸಿದ್ದು.
"ಇನ್ನೂರ ಹತ್ತು ಕುರಿ ನಿಂತಿವೆ ಸುತ್ತ," ಅಂದಳು. "ಎಣಿಸಿಕೋ."

ಫ್ಯಾನು ಹಾಕಿದೆ. ಮನೆ ಹೊಟ್ಟೆ ಒಳಗೆಳೆದುಕೊಂಡಿತು.
ಬಚ್ಚಲ ಬಾಗಿಲು ತಾನೇ ಮುಚ್ಚಿತು. ಮೇಜಿನ ಮೇಲಿನ ರಸೀದಿಗಳು,
ಮೊಳೆಯವು, ತಗಡಿನವು, ಸಾಲದ ಕಂತಿನವು,
ಎದ್ದು ಮತ್ತೆ ಮಲಗಿದವು.
ಮುಂಗೈ ಒದ್ದೆ ಮಾಡಿಕೊಂಡು ಹೊರಟೆ. ಯಂತ್ರ ಹೇಳುವುದು ಅಂಕಿ,
ಜಾಗ ಹೇಳುವುದು ಚರ್ಮ.
ಕಿಟಕಿಯ ಚೌಕಟ್ಟು: ಇಲ್ಲ. ಸ್ವಿಚ್ಚಿನ ಹಿಂದೆ: ಸಾಸಿವೆಯಷ್ಟು.
ನೆಲ ಗೋಡೆ ಕೂಡುವ ಸಂದು: ಇಲ್ಲ.
ಆದರೂ ಗಂಟೆಗೆ ಎರಡು ಸಲ ಇಡೀ ಮನೆಯ ಗಾಳಿ ಬದಲಾಗುತ್ತಿತ್ತು;
ಒಂದಕ್ಕೆ ನಿಲ್ಲಬೇಕಿತ್ತು.
ಎಲಾದಿಯೋ ನೆಲ ನೋಡಿದ. ನೋಲ್ಫಾ ಅವನನ್ನು ನೋಡಿದಳು.

ಪಾತ್ರೆಯ ಬೀರುವಿನ ಹಿಂದೆ ಸಿಕ್ಕಿತು:
ಹಳೆಯ ಸ್ವೆಟರು ತುರುಕಿದ ದುಂಡನೆಯ ತೂತು,
ಒಲೆಯ ಕೊಳವೆ ಹಾಯುವಷ್ಟು. ಸರಿಯಾಗಿ ಅಷ್ಟೇ.

"ಬೆಂಕಿಯಿಲ್ಲದ ಮನೆ ಯಾರಾದರೂ ಕಟ್ಟುತ್ತಾರಾ?"
ದನಿ ಏರಿಸಿರಲಿಲ್ಲ. "ನಿಮ್ಮ ಲೆಕ್ಕ ನಿಜವೇ ಇರಬಹುದು.
ಎರಡು ಮಕ್ಕಳ ಮೈ, ಬ್ರೆಡ್ಡಿನ ಓವನ್ನು, ಫ್ರಿಜ್ಜಿನ ಬೆನ್ನು,
ಕಿಟಕಿಯ ಬಿಸಿಲು, ಇಷ್ಟೇ ಸಾಕು ಅಂತ ಕಾಗದ ಹೇಳಿತು.
ನಾನು ನಲವತ್ತೇಳು ಚಳಿಗಾಲ ಕಂಡವಳು.
ಕರೆಂಟು ಹೋದ ರಾತ್ರಿ ಆ ಕಾಗದ ಉರಿಸಲೇ?"

ಉತ್ತರ ಇತ್ತು ನನ್ನ ಹತ್ತಿರ, ಗಂಟೆಗೆಷ್ಟು ಡಿಗ್ರಿ ಇಳಿಯುತ್ತದೆಂದು.
ಹೇಳುವಷ್ಟರಲ್ಲಿ ಅವಳೇ ಸ್ವೆಟರು ಎಳೆದಳು.
ಫ್ಯಾನು ಇನ್ನೂ ತಿರುಗುತ್ತಿತ್ತು.
ಆ ತೂತಿನಿಂದ ಒಳಗೆ ನುಗ್ಗಿದ್ದು ಊರಿನ ಹೊಗೆ,
ನೂರು ಮನೆಯ ಹಸಿ ಸೌದೆ, ನೇರ ಅನ್ನದ ತಟ್ಟೆಗಳ ಮೇಲೆ.
ಪಕ್ಕದ ಕೋಣೆಯಲ್ಲಿ ಅವಳ ಕಿರಿಯವ ಕೆಮ್ಮಿದ.
ಮೂವರೂ ಕೇಳಿಸಿಕೊಂಡೆವು.

"ಮುಚ್ಚು," ಅಂದಳು ಎಲಾದಿಯೋಗೆ. ಮೂರನೇ ಏಟಿಗೆ, "ತಡಿ."
ಕೊನೆಗೆ ಆದದ್ದು ಇದು: ಬ್ರೆಡ್ಡಿನ ತಟ್ಟೆಯೊಂದನ್ನು ದುಂಡಗೆ ಕತ್ತರಿಸಿ
ಅಂಚಿಗೆ ರಬ್ಬರು, ಹಿಂದೆ ಉಣ್ಣೆ, ನಾಲ್ಕು ಸ್ಕ್ರೂ.
ಬೇಕೆಂದರೆ ಬಿಚ್ಚಬಹುದು. ಅಂಕಿ ಒಂದೂ ಕಾಲಿಗೆ ನಿಂತಿತು.
ಒಂದೂ ಕಾಲು ಎಂದೇ ಬರೆದೆ.

ಆಗಸ್ಟಿನಲ್ಲಿ ಮತ್ತೆ ಹೋಗಿದ್ದೆ, ಕೆಲಸವಿರಲಿಲ್ಲ.
ಹೊರಗೆ ಮೈನಸ್ ಹನ್ನೊಂದು. ಹಳೆಯ ಒಲೆ ಒಳಗೇ ಇತ್ತು,
ಕೊಳವೆಯಿಲ್ಲದೆ; ತಲೆಯ ಮೇಲೆ ಮಕ್ಕಳ ಪುಸ್ತಕ.
ಒಲೆಯಲ್ಲಿ ಬೆಕ್ಕು ಮಲಗಿತ್ತು, ಬಡತನಕ್ಕಲ್ಲ.
"ರಾತ್ರಿ ಎರಡಕ್ಕೆ ಈಗಲೂ ಎಚ್ಚರವಾಗುತ್ತದೆ, ಸೌದೆ ಹಾಕಲು.
ಕಾಲಿಟ್ಟರೆ ನೆಲ ತಣ್ಣಗಿಲ್ಲ. ಏನು ಮಾಡಲಿ ಆ ಹೊತ್ತಲ್ಲಿ?
ಗೋಡೆಗೆ ಮುಂಗೈ ಇಟ್ಟು ಜ್ವರ ನೋಡುತ್ತೇನೆ."

ಹೊರಡುವಾಗ ಬೀರುವಿನ ಹಿಂದೆ ಇಣುಕಿದೆ, ಅಭ್ಯಾಸ.
ನಾಲ್ಕೂ ಸ್ಕ್ರೂ ಬಿಗಿಯಾಗಿದ್ದವು.
ಪಕ್ಕದಲ್ಲೇ, ದಾರ ಕಟ್ಟಿ, ಸ್ಕ್ರೂಡ್ರೈವರ್ ತೂಗುತ್ತಿತ್ತು.