ಅಗಲ ಬಾಯಿ

ಯಾವುದು ಕೊಳ್ಳಲಿ ಜರುಹಿ, ಎಂದಳು ವರ್ಸೆನಿಕ್.
ಅರವತ್ತೊಂದರ ಹೆಂಗಸು. ಮಂಡಿ ಆಪರೇಷನ್ ಆದಮೇಲೆ
ಡಾಕ್ಟರ ಚೀಟಿ ಹಿಡಿದು, ಗೋಡೆ ಹಿಡಿದು,
ಶೆಂಗಾವಿತಿನ ಈ ನೆಲಮಾಳಿಗೆಗೆ ಇಳಿದು ಬಂದವಳು.
ನಾನು ಇಲ್ಲಿ ನೆಲ ಒರೆಸುವವಳು.
ತೂಕ ಎತ್ತುವುದು ನನಗೆ ತಿಳಿಯದು,
ಬಾಟಲಿ ತಿಳಿಯುತ್ತದೆ.
ಹದಿನಾಲ್ಕು ವರ್ಷದಲ್ಲಿ ಎಷ್ಟೋ ಮುಖ ಮರೆತೆ,
ಮುಚ್ಚಳ ಒಂದೂ ಮರೆತಿಲ್ಲ.

ಗಾಜು ಬೇಡ, ಅಂದೆ. ಇಲ್ಲಿ ಹಗಲೆಲ್ಲ ಕಬ್ಬಿಣ ಬೀಳುತ್ತದೆ.
ಪ್ಲಾಸ್ಟಿಕ್ಕು ಹಗುರ, ಸರಿ, ಆದರೆ ಅದು ಚಾಡಿಕೋರ:
ನಿನ್ನೆ ಕುಡಿದ ದಾಳಿಂಬೆ ರಸದ ಸುದ್ದಿ
ನಾಳಿದ್ದಿನ ನೀರಿಗೂ ಹೇಳುತ್ತದೆ.
ಉಕ್ಕಿನದು ತಗೋ.
ಎಷ್ಟು ಲೀಟರೆಂದು ಅಂಗಡಿಯವನನ್ನು ಕೇಳಬೇಡ,
ತುಂಬಿಸಿ ಕೊಡು ಎನ್ನು, ಹಿಡಿದು ಹತ್ತು ಹೆಜ್ಜೆ ನಡೆ,
ಉಳಿದದ್ದು ಮಂಡಿ ಹೇಳುತ್ತದೆ.
ಆಮೇಲೆ ಅವನೆದುರೇ ಒಳಗೆ ಕೈ ತೂರಿಸು.
ಹೋಗಲಿಲ್ಲವೋ, ವಾಪಸು ಕೊಡು.
ನಿನ್ನ ಕೈ ಹೋಗದಲ್ಲಿಗೆ ಕೊಳೆ ಹೋಗುತ್ತದೆ.

ನಕ್ಕಳು. ಸತ್ತವರ ಹೆಸರಲ್ಲಿ ಬೀದಿ ಬೀದಿಗೆ
ಚಿಲುಮೆ ಕಟ್ಟಿಸುವ ಊರು ಇದು, ಯೆರೆವಾನು.
ಬುಳಬುಳ ಸದ್ದನ್ನೇ ಹೆಸರು ಮಾಡಿಕೊಂಡು
ಪುಲ್‌ಪುಲಾಕ್ ಹಗಲಿರುಳು ಹರಿಯುವಾಗ
ಬಗ್ಗಿ ಬಾಯೊಡ್ಡಿದರೆ ಸಾಲದೇ?
ಬಗ್ಗಬೇಕಲ್ಲ, ಎಂದು ತಾನೇ ಮಂಡಿ ತಟ್ಟಿಕೊಂಡಳು.
ಅವಳ ಮೆಟ್ಟಿಲ ಮೇಲಿನ ನೆರೆಹೊರೆಗೆ ಈಗ ಅದೇ ಮಾತಂತೆ:
ಈ ವಯಸ್ಸಿಗೆ ಕಬ್ಬಿಣ ಎತ್ತುತ್ತಾಳೆ, ಯಾರಿಗೆ ತೋರಿಸಲೋ.
ಬಾಟಲಿಯ ಬಾಯಿಗಾದರೆ ಮುಚ್ಚಳ ಉಂಟು,
ಊರ ಬಾಯಿಗೆ ಎಲ್ಲಿಂದ ತರೋಣ.

ತೊಳೆಯುವುದೂ ಹೇಳಿಕೊಟ್ಟೆ.
ಮನೆ ಸೇರಿದ ಕೂಡಲೆ, ಶೂ ಬಿಚ್ಚುವ ಮೊದಲು,
ಉಳಿದ ನೀರು ಕಿಟಕಿಯ ರೆಹಾನ್ ಗಿಡಕ್ಕೆ.
ಬಿಸಿನೀರು, ಚಮಚ ಸೋಡ, ಹಿಡಿ ಅಕ್ಕಿ,
ಗಿಲಕಿಯ ಹಾಗೆ ಗಲಗಲ ಕುಲುಕು.
ಆದರೆ ಕಳ್ಳ ಹೊಟ್ಟೆಯಲ್ಲಿಲ್ಲ.
ಮುಚ್ಚಳಕ್ಕೊಂದು ರಬ್ಬರಿನ ಬಳೆ ಇದೆ ನೋಡು,
ಹೇರ್‌ಪಿನ್ನಿನಿಂದ ಮೆಲ್ಲಗೆ ಎಬ್ಬಿಸು.
ಕಾಡಿಗೆ ತೀಡಿದ ಹಾಗೆ ಕಪ್ಪು ಕಾಣುತ್ತದೆ. ಅದೇ.
ಉಜ್ಜು. ಬಳೆ ಬೇರೆ, ಮುಚ್ಚಳ ಬೇರೆ,
ಬಾಟಲಿ ಬೋರಲು, ಬೆಳಗಿನ ತನಕ.

ಹ್ರಾಯರನ ಬಾಟಲಿಯ ಕತೆ ಅವಳಿಗೆ ಹೇಳಲಿಲ್ಲ.

ಹದಿನೆಂಟು ತುಂಬಿ ಸೇನೆಯ ಕರೆ ಬಂದು
ಅವಸರದಲ್ಲಿ ಹೊರಟ ಹುಡುಗ.
ಬೆಂಚಿನಡಿ ಉರುಳಿತ್ತು, ಪುಡಿ ಕಲಸಿದ ಹಾಲು ಅರ್ಧ,
ಮುಚ್ಚಳ ಬಿಗಿದು. ನನಗೆ ಸಿಕ್ಕಿದ್ದು ಆರನೇ ವಾರ.
ತೆರೆದೆ. ನೂರೈವತ್ತು ಕಿಲೋ ಎತ್ತುವ ಕೋಚ್ ಸಾಹಕ್
ಬಾಗಿಲಾಚೆ ಓಡಿಹೋಗಿ ಅಲ್ಲಿಂದಲೇ ಕೂಗಿದ:
ಎಸೆಯೇ ಮಾರಾಯ್ತಿ!

ಮೂರು ರಾತ್ರಿ ವಿನೆಗರಿನಲ್ಲಿ ನೆನೆಹಾಕಿದೆ.
ನಾಲ್ಕನೆಯ ದಿನ ನಿಂಬೆಸಿಪ್ಪೆ, ಐದನೆಯ ದಿನ ಬಿಸಿಲು.
ಬಿಟ್ಟುಹೋದವರ ಪೆಟ್ಟಿಗೆಗೆ ಹಾಕಲಿಲ್ಲ,
ನನ್ನ ಪೊರಕೆ ಕಪಾಟಿನ ಮೇಲ್ಗಡೆ ಬೋರಲಿಟ್ಟೆ.
ರೇಡಿಯೊದಲ್ಲಿ ಗಡಿಯ ಹಳ್ಳಿಗಳ ಹೆಸರು ಬಂದ ದಿನಗಳಲ್ಲಿ
ಒಣಗಿದ್ದನ್ನೇ ಇಳಿಸಿ
ಮತ್ತೆ ತೊಳೆದೆ.

ಎರಡು ಚಳಿಗಾಲ ಕಳೆದು ಮೊನ್ನೆ ಬಂದ.
ಕತ್ತು ದಪ್ಪ, ಮಾತು ಸಣ್ಣ.
ಕೈಗಿಟ್ಟೆ. ತಿರುಗಿಸಿ ನೋಡಿದ, ಮೂಸಿದ.
ಇದು ನಂದಲ್ಲ ಜರುಹಿ ಚಿಕ್ಕಮ್ಮ,
ನಂದು ನಾರುತ್ತಿತ್ತು.

ಯಾರದೋ, ಇರಲಿ, ತಗೋ ಅಂದೆ.
ಮೆಟ್ಟಿಲು ಹತ್ತಿ ಬೀದಿ ಚಿಲುಮೆಗೆ ಒಡ್ಡಿದ.
ಖಾಲಿ ಉಕ್ಕಿಗೆ ನೀರು ಬೀಳುವ ಸದ್ದು
ದಪ್ಪದಿಂದ ತೆಳ್ಳಗಾಗುತ್ತ ಮೇಲೇರಿದ್ದು
ಕೆಳಗೆ ನನಗೆ ಕೇಳಿಸಿತು.

ಗುರುವಾರ ವರ್ಸೆನಿಕ್ ಬಂದಳು.
ಕೈಯಲ್ಲಿ ಕೊಕ್ಕರೆ ಕತ್ತಿನ ನೀಲಿ ಬಾಟಲಿ,
ಎರಡು ಬೆರಳೂ ತೂರದು.
ಗೊತ್ತು ಗೊತ್ತು, ಬೈಯಬೇಡ, ಅಂದಳು,
ಆದರೆ ಬಣ್ಣ ನೋಡು!

ನೋಡಿದೆ.
ಕಪಾಟು ತೆರೆದು
ಉದ್ದ ಹಿಡಿಯ ಬ್ರಷ್ಷು ಹುಡುಕತೊಡಗಿದೆ.